ಇನ್ನೂರಿಪ್ಪತ್ತು ಗ್ರಾಂ

ಗುತ್ತಲು ರಸ್ತೆಯ ನನ್ನ ಶೆಡ್ಡಿಗೆ ನಸುಕಿಗೇ ಬಂತು
ಹದಿನಾರು ಚಕ್ರದ ಗಾಡಿ, ಎತ್ತಿಗಿಂತ ಮೆಲ್ಲಗೆ.
ಹಳದಿ ದೀಪ, ಅದರ ಪಕ್ಕ ಕೆಂಪು ದೀಪ,
ಎಷ್ಟು ತುಳಿದರೂ ಇಪ್ಪತ್ತು ದಾಟದ ಮುಳ್ಳು.
ಬೋರಲಿಂಗ ಇಳಿದ. ಬಾಗಿಲು ಮುಚ್ಚಲಿಲ್ಲ, ಒದ್ದ.
"ಕಡಿದ ಕಬ್ಬು ಬಯಲಲ್ಲಿ ಒಣಗ್ತಾ ಅದೆ ಕಣಣ್ಣ.
ಆ ಡಬ್ಬ ಕುಯ್ದು ಬಿಸಾಕು, ಬರೀ ಪೈಪ್ ಆಕು.
ಎಲ್ಲಾರೂ ಮಾಡುಸ್ತಾವ್ರೆ."

ಎಲ್ಲಾರೂ ಅಂದರೆ ಹನ್ನೊಂದು.
ಕುಯ್ದದ್ದು ಈ ಕೈಯೇ.

ಶೆಡ್ಡಿನ ಹಿಂದೆ ಚಿಕ್ಕತಾಯಮ್ಮ,
ಹಗ್ಗದ ಮಂಚಕ್ಕೆ ಬಿಳಿ ಪಂಚೆ ಹಾಸಿ ಸಂಡಿಗೆ ಇಡುವವಳು.
ಪೈಪು ಹಾಕಿದ ಗಾಡಿ ಒಂದೊಂದೂ ಮೊದಲ ಉಸಿರು ಬಿಟ್ಟದ್ದು
ಅವಳ ಪಂಚೆಯ ಮೇಲೆ.
ಬೈಯಲಿಲ್ಲ. ಪ್ರತಿ ಸಲವೂ ಮಂಚವನ್ನು
ಎರಡಡಿ ಆಚೆ ಎಳೆದುಕೊಂಡಳು.
ಈಗ ಮಂಚದ ಕಾಲು ಬೇಲಿಗೆ ತಾಕಿದೆ.
ಬೇಲಿಯಾಚೆ ಚರಂಡಿ.

"ಕುಯ್ಯಲ್ಲ" ಅಂದೆ.
ಯಾಕೆಂದು ಹೇಳಲಿಲ್ಲ; ಹೇಳಿದ್ದರೆ ನಗುತ್ತಿದ್ದ.

ಮೊದಲು ಬಿಚ್ಚಿದ್ದು ಯೂರಿಯಾ ನಳಿಗೆ.
ಬಾಯಿ ಕಟ್ಟಿಕೊಂಡಿತ್ತು, ಬೆಳ್ಳಗೆ, ಹರಳುಗಟ್ಟಿ.
ಸಕ್ಕರೆ ಊರಲ್ಲಿ ಹುಟ್ಟಿದವರಿಗೆ
ಬಿಳಿ ಹರಳು ಕಂಡರೆ ನಾಲಿಗೆ ಮೋಸ ಹೋಗುತ್ತದೆ.
ಹುಡುಗ ಮುನಾವರ್ ಬೆರಳಲ್ಲಿ ಮುರಿದು ಮೂಸಿ
ಮುಖ ಸಿಂಡರಿಸಿದ.
"ಟ್ಯಾಂಕಿಗೆ ಏನು ಹಾಕಿದೆ ಬೋರಲಿಂಗ?"
ಟವಲು ಕೊಡವಿದ. ಆಕಾಶ ನೋಡಿದ.
"ಸೊಸೈಟಿ ಮೂಟೇಲಿ ಒಸಿ ಮಿಕ್ಕಿತ್ತು.
ನಾಲೆ ನೀರಲ್ಲಿ ಕದಡಿ ಉಯ್ದೆ.
ಯೂರಿಯಾ ಯೂರಿಯಾನೇ ಅಲ್ವಾ?"
ಭತ್ತಕ್ಕೆ ಹೌದಪ್ಪ. ಇದು ಮಡಿ ಮುದುಕಿ,
ಒಂದು ಕಸ ಬಿದ್ದರೂ ತಟ್ಟೆ ತಳ್ಳುತ್ತೆ.

ಟ್ಯಾಂಕು ಬರಿದು ಮಾಡಿ ಮೂರು ಸಲ ತೊಳೆದೆವು.
ನಳಿಗೆಯನ್ನು ಬಿಸಿನೀರಲ್ಲಿ ನೆನೆಹಾಕಿದೆ;
ಹರಳು ಕರಗುವಾಗ ಸದ್ದಿಲ್ಲ.

ಆಮೇಲೆ ಡಬ್ಬ. ಒಳಗೆ ಕಲ್ಲಿನ ಜೇನುಹುಟ್ಟು.
ಒಂದು ಕಿಂಡಿ ಆ ತುದಿಗೆ ಮುಚ್ಚಿದೆ, ಪಕ್ಕದ್ದು ಈ ತುದಿಗೆ.
ಹೊಕ್ಕ ಹೊಗೆ ಗೋಡೆ ತೂರಿಯೇ ಹೋಗಬೇಕು,
ಮಸಿಯನ್ನು ಗೋಡೆಗೆ ಬಿಟ್ಟು.
ಎಷ್ಟು ತೆಳು ಅಂದರೆ, ಬಿದ್ದರೆ ಒಡೆಯುತ್ತದೆ;
ಇಬ್ಬರೂ ಅದನ್ನು ಬಾಣಂತಿ ಕೂಸಿನಂತೆ ಹೊತ್ತು
ಪಕ್ಕದ ಆಲೆಮನೆ ತಕ್ಕಡಿಗೆ ಇಟ್ಟೆವು.
ಹದಿನಾಲ್ಕು ಕಿಲೋ ಮುನ್ನೂರ ಹತ್ತು.
ಹಿಂದುಮುಂದಾಗಿ ಗಾಳಿ ಊದಿದೆ,
ಉದುರಿದ್ದನ್ನು ಚೀಲಕ್ಕೆ ಹಿಡಿದ ಮುನಾವರ್,
ಹುಬ್ಬು ಕೂಡ ಕರ್ರಗೆ.
ಮತ್ತೆ ತೂಗಿದೆ. ಹದಿನಾಲ್ಕು ಕಿಲೋ ತೊಂಬತ್ತು.
ಒಂದಚ್ಚು ಬೆಲ್ಲದಷ್ಟು ಕರಿ.
ಬೋರಲಿಂಗ ಮುಳ್ಳನ್ನೇ ನೋಡಿದ. "ಇಷ್ಟೇಯಾ?"

ಇಷ್ಟೇ.
ಹನ್ನೊಂದು ಗಾಡಿಗೆ, ಇಷ್ಟು ವರ್ಷಕ್ಕೆ,
ಲೆಕ್ಕ ಹಾಕಲು ಹೊರಟು ನಿಲ್ಲಿಸಿದೆ.

ಸಂಜೆ ಎಲ್ಲ ಜೋಡಿಸಿ
ಗಾಡಿಯಡಿಯ ಕಬ್ಬಿನ ತರಗು ಗುಡಿಸಿ,
(ಆರುನೂರು ಡಿಗ್ರಿ ಅದು, ತರಗಿಗೆ ಒಂದು ಕಿಡಿ ಸಾಕು)
ನಿಂತಲ್ಲೇ ಇಂಜಿನ್ ಏರಿಸಿದೆ. ಮುಕ್ಕಾಲು ಗಂಟೆ
ಮಿಕ್ಕ ಮಸಿಯನ್ನು ತಾನೇ ಸುಟ್ಟುಕೊಂಡಿತು.
ಬಾಲದ ಪೈಪಿನ ಬಾಯಲ್ಲಿ ಬರೀ ಬಿಸಿ,
ಬಿಸಿಲುಗುದುರೆಯಂತೆ ನಡುಗುವ ಬೇಲಿ.

ಚಿಕ್ಕತಾಯಮ್ಮ ಬೇಲಿಯ ಮೂಲೆಯಿಂದ ಕೇಳಿದಳು:
"ಯಾವಾಗಪ್ಪ ಹೊಗೆ ಬಿಡೋದು? ಸಂಡಿಗೆ ತಕ್ಕತ್ತೀನಿ."
"ಬಿಟ್ಟಾಯ್ತು ತಾಯಿ."
ನಂಬಲಿಲ್ಲ. ಪಂಚೆ ಮಡಚಿ ಒಳಗೆ ಹೋದಳು.

ಬೋರಲಿಂಗ ಒಂದೂವರೆ ಸಾವಿರ ಉಳಿಸಿಕೊಂಡ,
ಹಣ ಕೈಗೆ ಬಂದ ಮೇಲೆ ಅಂತ.
ಮುಂದಿನ ತಿಂಗಳೂ ನಾಲೆ ನೀರೇ ಕದಡುತ್ತಾನೋ ಏನೋ.
ಅವನ ಹಿಂದೆಯೇ ಹಾದುಹೋಯಿತು ಇನ್ನೊಂದು ಗಾಡಿ.
ಸದ್ದಲ್ಲೇ ಗೊತ್ತು, ಅದು ನನ್ನ ಏಳನೆಯದು.
ರಸ್ತೆ ಒಂದು ಗಳಿಗೆ ಕಾಣಲಿಲ್ಲ.

ಮುನಾವರ್ ಚೀಲದ ಬಾಯಿ ಕಟ್ಟಿ ನಿಂತಿದ್ದಾನೆ.
"ಇದನ್ನ ಎಲ್ಲಿ ಸುರೀಲಿ?"
ಚರಂಡಿ ಬೇಡ ಅಂದೆ. ಬಯಲು ಬೇಡ ಅಂದೆ.
ಆಮೇಲೆ ಏನು ಹೇಳುವುದೆಂದು ತಿಳಿಯದೆ
ಪಾನಾಗಳ ಪಕ್ಕ, ಗೂಡಿನಲ್ಲಿ ಇಡಿಸಿದ್ದೇನೆ.